ಜಾನುವಾರುಗಳ ಚಪ್ಪೆ ಕೀಲಿಗೆ ಪೆಟ್ಟು: ಮೊದಲ ದಿನವೇ ಮುಖ್ಯ

ಮಳೆಗಾಲದಲ್ಲಿ ಸಗಣಿ, ಗಂಜಲಗಳಿಂದ ಕೊಟ್ಟಿಗೆಯ ನೆಲ ಜಾರುತ್ತದೆ. ಏಳಲು ಹೋದ ಹಸು ಹಿಂಗಾಲು ಜಾರಿ ಬೀಳುತ್ತದೆ. ಆಮೇಲೆ ಎದ್ದರೂ ಕುಂಟುತ್ತದೆ. 'ಉಳುಕಿರಬೇಕು, ನಾಲ್ಕು ದಿನದಲ್ಲಿ ಸರಿಹೋದೀತು' ಎಂದು ಸುಮ್ಮನಿರುವವರು ಬಹಳ. ಕೆಲವರು ಬರೆ ಹಾಕಿಸುವುದೂ ಉಂಟು. ಬರಿಯ ಉಳುಕಾಗಿದ್ದರೆ ಹಸು ಚೇತರಿಸಿಕೊಳ್ಳಬಹುದು. ಆದರೆ ಕೀಲು ತಪ್ಪಿದ್ದರೆ, ಆ ನಾಲ್ಕು ದಿನಗಳಲ್ಲಿ ಅದನ್ನು ಸರಿಪಡಿಸುವ ಅವಕಾಶವೇ ಕೈತಪ್ಪಿರುತ್ತದೆ.

ಕೀಲು ತಪ್ಪುವುದು

ತೊಡೆಮೂಳೆಯ ತಲೆ ಚೆಂಡಿನಂತಿದ್ದು, ಚಪ್ಪೆಮೂಳೆಯ ಬಟ್ಟಲಿನಲ್ಲಿ ಕೂತಿರುತ್ತದೆ. ದನಗಳಲ್ಲಿ ಈ ಬಟ್ಟಲಿನ ಆಳ ಕಡಿಮೆ. ಆದ್ದರಿಂದ ಜಾರಿ ಬಿದ್ದಾಗ, ಬೆದೆಗೆ ಬಂದ ಹಸುವಿನ ಮೇಲೆ ಇನ್ನೊಂದು ಹಾರಿದಾಗ, ಇಲ್ಲವೆ ಲಾಳ ಕಟ್ಟಲು ಎತ್ತನ್ನು ಒರಟಾಗಿ ಕೆಡವಿದಾಗ ಮೂಳೆಯ ತಲೆ ಬಟ್ಟಲಿನಿಂದ ಹೊರಬರಬಹುದು.

ಸಾಮಾನ್ಯವಾಗಿ ಅದು ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ. ಆಗ ಆ ಕಾಲು ಗಿಡ್ಡವಾದಂತೆ ಕಾಣುತ್ತದೆ. ಮಂಡಿ ಮತ್ತು ಗೊರಸಿನ ತುದಿ ಹೊರಕ್ಕೆ ತಿರುಗಿರುತ್ತವೆ. ಹಿಂದೆ ನಿಂತು ಎರಡೂ ಚಪ್ಪೆಗಳನ್ನು ಹೋಲಿಸಿ ನೋಡಿದರೆ ಪೆಟ್ಟಾದ ಕಡೆ ಉಬ್ಬಿರುವುದು ತಿಳಿಯುತ್ತದೆ. ಮೂಳೆ ಕೆಳಕ್ಕೆ ಸರಿದಿದ್ದರೆ ಹಸು ಏಳಲಾರದೆ ಮಲಗಿಬಿಡಬಹುದು.

ದಿನ ಕಳೆದಂತೆ ಸುತ್ತಲಿನ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಬಟ್ಟಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆದ್ದರಿಂದ ಪೆಟ್ಟಾದ 24 ಗಂಟೆಗಳೊಳಗೆ ಪಶುವೈದ್ಯರಿಗೆ ತೋರಿಸುವುದು ಅತ್ಯವಶ್ಯಕ. ಅವರು ಮತ್ತು ಬರುವ ಮದ್ದು ಕೊಟ್ಟು, ಹಸುವನ್ನು ಮಲಗಿಸಿ ಕೀಲನ್ನು ಕೂಡಿಸುತ್ತಾರೆ. ಮನೆಯಲ್ಲಿ ನಾಲ್ಕು ಜನ ಸೇರಿ ಕಾಲು ಎಳೆಯಬಾರದು. ಮೂಳೆ ಮುರಿದಿದ್ದರೆ ಅನಾಹುತವಾಗುತ್ತದೆ. ಕೂಡಿಸಿದ ಕೀಲು ಮತ್ತೆ ಜಾರುವ ಸಂಭವವಿರುವುದರಿಂದ ಕೆಲವು ವಾರ ಮೆತ್ತನೆಯ ನೆಲದಲ್ಲಿ ಕಟ್ಟಿಯೇ ಮೇಯಿಸಬೇಕು. ಚಿಕಿತ್ಸೆಯಿಲ್ಲದೆ ಉಳಿದ ಹಸು ಕುಂಟುತ್ತಲೇ ಹಾಲು ಕೊಟ್ಟೀತು; ಎತ್ತು ಮಾತ್ರ ಉಳುಮೆಗೆ ಬಾರದು.

ಸ್ನಾಯು ಹರಿಯುವುದು

ಎರಡೂ ಹಿಂಗಾಲುಗಳು ಅತ್ತಿತ್ತ ಜಾರಿ ಕಪ್ಪೆಯಂತೆ ಹರಡಿದರೆ ಒಳತೊಡೆಯ ಸ್ನಾಯುಗಳು ಹರಿಯುತ್ತವೆ. ಈದ ಹೊಸದರಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಹಾಲುಜ್ವರ ಬಂದ ಹಸುಗಳಲ್ಲಿ ಇದರ ಸಂಭವ ಹೆಚ್ಚು. ಕರುವನ್ನು ಬಲವಾಗಿ ಎಳೆದು ತೆಗೆದಾಗ ಒಳತೊಡೆಯ ನರ ನಲುಗಿ, ಕಾಲುಗಳು ಹೀಗೆಯೇ ಹರಡುವುದುಂಟು. ಇಂಥ ಹಸುವಿನ ಹಿಂಗಾಲುಗಳಿಗೆ ಗೊರಸಿನ ಮೇಲ್ಭಾಗದಲ್ಲಿ ಮೆತ್ತನೆಯ ಬಟ್ಟೆ ಸುತ್ತಿ, ನಡುವೆ ಸುಮಾರು ಎರಡು ಅಡಿ ಅಂತರ ಬಿಟ್ಟು ಹಗ್ಗ ಕಟ್ಟಬೇಕು. ಆಗ ಕಾಲು ಮತ್ತೆ ಹರಡುವುದಿಲ್ಲ.

ಹೀಗೂ ತಪ್ಪು ತಿಳಿಯಬಹುದು

ನಡೆಯುವಾಗ ಹಿಂಗಾಲು ಹಿಂದಕ್ಕೆ ಸೆಟೆದು ನಿಂತು, ಆಮೇಲೆ ಝಾಡಿಸಿದಂತೆ ಮುಂದೆ ಬಂದರೆ ಅದು ಚಪ್ಪೆಯ ದೋಷವಲ್ಲ. ಮಂಡಿಚಿಪ್ಪು ಸಿಕ್ಕಿಕೊಳ್ಳುವ ತೊಂದರೆ. ಪಶುವೈದ್ಯರು ಸಣ್ಣ ಶಸ್ತ್ರಚಿಕಿತ್ಸೆಯಿಂದ ಇದನ್ನು ಸರಿಪಡಿಸುತ್ತಾರೆ. ಇದಕ್ಕೂ ಬರೆ ಹಾಕಿಸುವುದು ವ್ಯರ್ಥ ಹಿಂಸೆ.

ವೈದ್ಯರು ಬರುವವರೆಗೆ

* ಬಡಿದು ಎಬ್ಬಿಸಬೇಡಿ, ನಡೆಸಬೇಡಿ. ಮರಳು ಅಥವಾ ಒಣಹುಲ್ಲನ್ನು ದಪ್ಪವಾಗಿ ಹಾಸಿ ಮಲಗಿಸಿ.
* ಏಳಲಾರದ ಹಸುವನ್ನು ಮೂರು-ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಒಂದೇ ಮಗ್ಗುಲಲ್ಲಿ ಮಲಗಿದರೆ ಮೈಭಾರಕ್ಕೆ ತೊಡೆಯ ಸ್ನಾಯು ಕೆಡುತ್ತದೆ. ನೀರು, ಮೇವು ಬಾಯಿಗೆ ಎಟುಕುವಂತಿರಲಿ.
* ಮೊದಲ ಎರಡು ದಿನ ಊತಕ್ಕೆ ತಣ್ಣೀರು ಹಾಕಿ. ಬಿಸಿ ಶಾಖ ಅನಂತರವೇ.
* ಅಂಗಡಿಯಿಂದ ನೋವಿನ ಮದ್ದು ತಂದು ಕೊಡಬೇಡಿ. ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೋಫಿನ್ಯಾಕ್ ಅನ್ನು ಜಾನುವಾರುಗಳಿಗೆ ಬಳಸುವುದು 2006ರಿಂದ ನಿಷಿದ್ಧ.
* ಹತ್ತಿರದ ಪಶು ಆಸ್ಪತ್ರೆಗೆ ಹೇಳಿಕಳಿಸಿ, ಇಲ್ಲವೆ 1962 ಸಂಖ್ಯೆಗೆ ಕರೆಮಾಡಿ.

ತಡೆಯುವ ಬಗೆ

ಸಿಮೆಂಟ್ ನೆಲವನ್ನು ನುಣುಪಾಗಿಸದೆ ಗೀರುಗಳನ್ನು ಹಾಕಿಸಬೇಕು. ಗಂಜಲ ಹರಿದುಹೋಗಲು 40 ಅಡಿಗೆ ಒಂದು ಅಡಿಯಂತೆ ಇಳಿಜಾರು ಸಾಕು. ಹೆಚ್ಚಾದರೆ ಅದೇ ಜಾರುಬಂಡೆಯಾಗುತ್ತದೆ. ಒದ್ದೆಯಾದ ಕಡೆ ಮರಳನ್ನಾದರೂ ಎರಚಬೇಕು. ಇಕ್ಕಟ್ಟಾದ ಬಾಗಿಲಲ್ಲಿ ದನಗಳನ್ನು ಒಟ್ಟಿಗೆ ನುಗ್ಗಿಸಿದರೆ ಚಪ್ಪೆಯ ಮೂಲೆಮೂಳೆ ತಗುಲಿ ಮುರಿಯುತ್ತದೆ, ಒಂದೊಂದಾಗಿ ಬಿಡಬೇಕು. ಬೆದೆಗೆ ಬಂದ ಹಸುವನ್ನು ಬೇರೆ ಕಟ್ಟಬೇಕು.

ಒಂದು ಗಾಡಿ ಮರಳಿನ ಖರ್ಚು ದೊಡ್ಡದಲ್ಲ. ಕರೆಯುವ ಹಸುವೋ ಹೂಡುವ ಎತ್ತೋ ನೆಲ ಹಿಡಿದರೆ ಆಗುವ ನಷ್ಟವನ್ನು ರೈತರೇ ಬಲ್ಲರು.