ಇಳಿಯುತ್ತಲೇ ಚಾರ್ಜ್ ಆಗುವ ಡಂಪರ್

ಗಣಿಗೂ ಕರೆಂಟಿಗೂ ನಂಟು ನಮಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಮೊದಲು ಹೋಗಿದ್ದೇ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿಗೆ ಬೀದಿದೀಪ ಬಂದಿದ್ದು 1905ರಲ್ಲಿ. ಆದರೆ ಡಂಪರ್‌ಗಳು ಮಾತ್ರ ಇಂದಿಗೂ ಡೀಸೆಲ್ ಕುಡಿಯುತ್ತಿವೆ.

ಸ್ವಿಟ್ಜರ್ಲೆಂಡಿನ ಬೀಲ್ ಪಟ್ಟಣದ ಹತ್ತಿರ, ಸಿಮೆಂಟ್ ಕಾರ್ಖಾನೆಯ ಕ್ವಾರಿಯೊಂದರಲ್ಲಿ ಕೊಮಾಟ್ಸು ಡಂಪರಿನ ಎಂಜಿನ್ ತೆಗೆದು ನಾಲ್ಕೂವರೆ ಟನ್ ಬ್ಯಾಟರಿ ಕೂರಿಸಿದ್ದಾರೆ. ಖಾಲಿ ಗಾಡಿಯೇ 45 ಟನ್. ಬೆಟ್ಟದ ಮೇಲೆ 65 ಟನ್ ಕಲ್ಲು ತುಂಬಿಕೊಂಡು ಇಳಿಯುವಾಗ ಮೋಟರೇ ಜನರೇಟರ್ ಆಗಿ ವೇಗ ತಡೆಯುತ್ತದೆ, ಬ್ಯಾಟರಿಯೂ ತುಂಬುತ್ತದೆ. ಹತ್ತುವಾಗ ಭಾರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಇಳಿದಾಗ ಸಿಕ್ಕ ಕರೆಂಟೇ ಬಹುಪಾಲು ಸಾಕು. ಎಲ್ಲ ಗಣಿಗಳೂ ಹೀಗಿಲ್ಲ ಅನ್ನಿ. ಆಳದ ಗುಂಡಿಯಿಂದ ಅದಿರನ್ನು ಮೇಲಕ್ಕೆ ಹೊರುವ ಕಡೆ ಈ ಲೆಕ್ಕವೇ ತಲೆಕೆಳಗು.

ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದುತ್ತಿರುವವರು ಗಾಬರಿಯಾಗಬೇಕಿಲ್ಲ. ಹೈಡ್ರಾಲಿಕ್ ಪಂಪು, ಬ್ರೇಕು, ಟೈರಿನ ಕೆಲಸ ಇದ್ದೇ ಇರುತ್ತದೆ. ಹೋಗುವುದು ಇಂಜೆಕ್ಟರ್, ಎಂಜಿನ್ ಆಯಿಲ್, ಫಿಲ್ಟರ್. ಆ ಜಾಗಕ್ಕೆ ನೂರಾರು ವೋಲ್ಟಿನ ಕೇಬಲ್ ಬರುತ್ತದೆ. ಮುಟ್ಟುವ ಮುನ್ನ ಸಂಪರ್ಕ ಕಡಿದು, ಬೀಗ ಹಾಕಿ, ಮೀಟರಿನಲ್ಲಿ ಸೊನ್ನೆ ನೋಡಿಕೊಳ್ಳುವ ಅಭ್ಯಾಸ ಬೇಕು. ಅದನ್ನು ನಮ್ಮ ವರ್ಕ್‌ಶಾಪುಗಳಲ್ಲಿ ಈಗಲೇ ಮಾಡಿಸಬಾರದೇ?