ಸಕ್ಕರೆ ಏರಿಸುವ ಮದ್ದು, ರಕ್ತದ ಮೇಲೊಂದು ಕಣ್ಣು

‘ಅವರಿಗೆ ಶುಗರ್ ಇದೆ’ ಎಂದರೆ ನಮ್ಮಲ್ಲಿ ಸಕ್ಕರೆ ಏರಿದೆ ಎಂದೇ ಅರ್ಥ. ಸಕ್ಕರೆ ಇಳಿದರೆ ಒಂದು ಚಮಚ ಗ್ಲೂಕೋಸ್ ಬಾಯಿಗೆ ಹಾಕಿದರಾಯಿತು ಎಂದುಕೊಳ್ಳುತ್ತೇವೆ. ಆದರೆ ಕೆಲವು ಹಸುಗೂಸುಗಳ ಮೇದೋಜ್ಜೀರಕ ಗ್ರಂಥಿ ಹುಟ್ಟಿನಿಂದಲೇ ಇನ್ಸುಲಿನ್ ಸುರಿಸುತ್ತಲೇ ಇರುತ್ತದೆ. ಹಾಲು ಕುಡಿಸಿದರೂ ರಕ್ತದಲ್ಲಿ ಸಕ್ಕರೆ ನಿಲ್ಲುವುದಿಲ್ಲ. ಮಗು ಮಂಕಾಗುತ್ತದೆ, ಫಿಟ್ಸ್ ಬರುತ್ತದೆ. ತಡವಾದರೆ ಮಿದುಳಿಗೇ ಪೆಟ್ಟು. ಸುಮಾರು 50 ಸಾವಿರ ಶಿಶುಗಳಲ್ಲಿ ಒಂದಕ್ಕೆ ಬರುವ ಈ ಕಾಯಿಲೆ, ರಕ್ತಸಂಬಂಧದ ಮದುವೆಗಳಿರುವ ಕಡೆ ಹೆಚ್ಚು. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಉಳಿದಿರುವ ನಮಗೆ ಇದು ಪರರಾಜ್ಯದ ಮಾತಲ್ಲ.

ಇದಕ್ಕೆ ವೈದ್ಯರು ಮೊದಲು ಕೊಡುವ ಮದ್ದು ಡಯಾಜಾಕ್ಸೈಡ್. ಮೂಲತಃ ರಕ್ತದೊತ್ತಡ ಇಳಿಸುವ ಔಷಧ. ಸಕ್ಕರೆ ಏರಿಸುವುದು ಅದರ ಅಡ್ಡಪರಿಣಾಮವಾಗಿತ್ತು. 1960ರ ದಶಕದಲ್ಲಿ ವೈದ್ಯರು ಆ ದೋಷವನ್ನೇ ಗುಣವಾಗಿ ಬಳಸಿಕೊಂಡರು. ಇನ್ಸುಲಿನ್ ತಯಾರಿಸುವ ಜೀವಕೋಶದ ಪೊಟ್ಯಾಸಿಯಂ ದಾರಿಯನ್ನು ಇದು ತೆರೆದಿಡುತ್ತದೆ. ಇನ್ಸುಲಿನ್ ಹೊರಬೀಳುವುದು ಕಡಿಮೆಯಾಗುತ್ತದೆ.

ಈ ಮದ್ದಿಗೂ ಅದರದೇ ಉಪದ್ರವಗಳಿವೆ. ಮಗುವಿನ ಹಣೆ, ಬೆನ್ನಿನ ಮೇಲೆ ಕೂದಲು ದಟ್ಟವಾಗಿ ಬೆಳೆಯುತ್ತದೆ. ಅಜ್ಜಿ ಕಡಲೆಹಿಟ್ಟು ಹಚ್ಚಿ ಉಜ್ಜಿದರೂ ಹೋಗದು; ಮದ್ದು ನಿಂತ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ. ಮೈಯಲ್ಲಿ ನೀರು ತುಂಬಿ ಊತ ಬರಬಹುದು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಎಚ್ಚರಿಸಿತು.

ಇವೆಲ್ಲ ಮೈಮೇಲೋ ಉಸಿರಾಟದಲ್ಲೋ ಗೊತ್ತಾಗುವಂಥವು. ಆದರೆ ರಕ್ತದೊಳಗಿನ ಬದಲಾವಣೆ ಸದ್ದಿಲ್ಲದೆ ಬರುತ್ತದೆ. ಸೋಂಕಿನೊಡನೆ ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಇಳಿಯಬಹುದು. ಬಹಳ ಸಲ ಇದು ತಾತ್ಕಾಲಿಕ. ಡೆಂಗಿ ಜ್ವರ ನಮಗೆಲ್ಲ ಪರಿಚಯಿಸಿದ ಪ್ಲೇಟ್‌ಲೆಟ್ ಕೂಡ 1.5 ಲಕ್ಷಕ್ಕಿಂತ ಕೆಳಗಿಳಿಯಬಹುದು. ಆಗ ವೈದ್ಯರು ಮದ್ದನ್ನೇ ನಿಲ್ಲಿಸಬೇಕಾದೀತು.

ಮನೆಯಲ್ಲಿ ನೋಡಬೇಕಾದ್ದು ಇಷ್ಟು: ಚರ್ಮದ ಮೇಲೆ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಎದ್ದಿವೆಯೇ? ಗಾಜಿನ ಲೋಟ ಒತ್ತಿ ನೋಡಿ. ಬಣ್ಣ ಮಾಸದಿದ್ದರೆ ಅದು ಚರ್ಮದಡಿ ಜಿನುಗಿದ ರಕ್ತ. ಪೆಟ್ಟಾಗದೆ ಮೂಡಿದ ನೀಲಿ ಕಲೆ, ಮೂಗು-ಒಸಡಿನ ರಕ್ತ, ಬಿಡದ ಜ್ವರ, ಬಾಯಿಹುಣ್ಣು ಕಂಡರೂ ಅಂದೇ ವೈದ್ಯರ ಬಳಿ ಹೋಗಿ.

ಹಾಗೆಂದು ಹೆದರಿ ಮದ್ದನ್ನು ನೀವೇ ನಿಲ್ಲಿಸಬೇಡಿ. ಸಕ್ಕರೆ ಕುಸಿದರೆ ಮಿದುಳಿಗೆ ಆಗುವ ಹಾನಿಯನ್ನು ಮರಳಿ ಸರಿಪಡಿಸಲಾಗದು. ಮದ್ದು ಶುರುವಾಗುವ ಮುನ್ನ ಒಮ್ಮೆ, ಆಮೇಲೆ ವೈದ್ಯರು ಹೇಳಿದಾಗಲೆಲ್ಲ ಸಿಬಿಸಿ ರಕ್ತಪರೀಕ್ಷೆ ಮಾಡಿಸಿ, ವರದಿಗಳನ್ನು ಒಂದೇ ಫೈಲಿನಲ್ಲಿ ಜೋಡಿಸಿಡಿ.