ಕರಿಯ ಕಡವೆ ಎಂಬ ಲಕೋಟಾ ಸಂತ

ಯುದ್ಧದಲ್ಲಿ ಸೋತ ಜನಾಂಗವು ಮೊದಲು ಭೂಮಿಯನ್ನು ಕಳೆದುಕೊಳ್ಳುವುದು. ಅನಂತರ ಆಚಾರವನ್ನೂ ಭಾಷೆಯನ್ನೂ ಕಳೆದುಕೊಳ್ಳುವುದು. ಇವೆಲ್ಲಕ್ಕಿಂತ ಸೂಕ್ಷ್ಮವಾದ ನಷ್ಟವು ಇನ್ನೊಂದುಂಟು. ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಅಧಿಕಾರವು ಗೆದ್ದವರ ಕೈಸೇರುವುದು. ಗೆದ್ದವರು ದುಷ್ಟರಾಗಿದ್ದರೆ ಸೋತವರನ್ನು ನಿಂದಿಸುವರು. ಸಜ್ಜನರಾಗಿದ್ದರೆ ಅವರಿಗಾಗಿ ಕಣ್ಣೀರಿಟ್ಟು, ಅವರ ಕಥೆ ಮುಗಿದುಹೋಯಿತೆಂದು ಬರೆಯುವರು. ಈ ಎರಡನೆಯ ಬಗೆಯ ಅನ್ಯಾಯವು ಹೇಗೆ ಘಟಿಸುವುದೆಂಬುದು ಅಮೇರಿಕದ ಲಕೋಟಾ ಜನಾಂಗದ ಬ್ಲ್ಯಾಕ್ ಎಲ್ಕ್ ಎಂಬ ಸಂತನ ಚರಿತ್ರೆಯಿಂದ ಸ್ಪಷ್ಟವಾಗುವುದು.

ಕೊಲಂಬಸನ ಭ್ರಾಂತಿಯಿಂದ ‘ಇಂಡಿಯನ್ನರು’ ಎಂಬ ನಮ್ಮ ಹೆಸರನ್ನು ಹೊತ್ತ ಆ ಖಂಡದ ಮೂಲನಿವಾಸಿಗಳಲ್ಲಿ ಲಕೋಟಾ ಜನರು ಬಯಲುಸೀಮೆಯವರು. ಕಾಡೆಮ್ಮೆಗಳ ಬೇಟೆಯಿಂದ ಜೀವಿಸುತ್ತಿದ್ದ ಶೂರರು. ಅವರಲ್ಲಿ ಓಗ್ಲಾಲಾ ಎಂಬ ಶಾಖೆಯಲ್ಲಿ 1863ರ ಡಿಸೆಂಬರ್ ತಿಂಗಳಲ್ಲಿ ಈ ಪುರುಷನು ಜನಿಸಿದನು. ಸ್ವಭಾಷೆಯಲ್ಲಿ ಆತನ ಹೆಸರು ಹೆಹಾಕಾ ಸಾಪಾ. ಕರಿಯ ಕಡವೆ ಎಂದು ಕನ್ನಡದಲ್ಲಿ ಹೇಳಬಹುದು. ತಂದೆಯು ವೈದ್ಯನೂ ಮಂತ್ರವೇತ್ತನೂ ಆಗಿದ್ದನು. ಪ್ರಸಿದ್ಧ ಯೋಧನಾದ ಕ್ರೇಜಿ ಹಾರ್ಸ್ ಈತನ ಜ್ಞಾತಿ.

ಒಂಬತ್ತನೆಯ ವರ್ಷದಲ್ಲಿ, 1872ರ ಬೇಸಿಗೆಯಲ್ಲಿ, ಬಾಲಕನು ವ್ಯಾಧಿಗ್ರಸ್ತನಾಗಿ ಹನ್ನೆರಡು ದಿನ ಎಚ್ಚರದಪ್ಪಿ ಮಲಗಿದ್ದನು. ಆಗ ಕಂಡ ದರ್ಶನವೇ ಆತನ ಬಾಳಿಗೆ ಆಧಾರವಾಯಿತು. ನಾಲ್ಕು ದಿಕ್ಕುಗಳಿಗೂ ಆಕಾಶಕ್ಕೂ ಭೂಮಿಗೂ ಅಧಿದೇವತೆಗಳಾದ ಆರು ಮಂದಿ ಪಿತಾಮಹರು ಆತನನ್ನು ಬರಮಾಡಿಕೊಂಡರು. ಪಶ್ಚಿಮದವನು ನೀರಿನ ಬಟ್ಟಲನ್ನೂ ಬಿಲ್ಲನ್ನೂ, ಉತ್ತರದವನು ಮೂಲಿಕೆಯನ್ನೂ, ಪೂರ್ವದವನು ಪವಿತ್ರ ಧೂಮನಳಿಕೆಯನ್ನೂ, ದಕ್ಷಿಣದವನು ಚಿಗುರುವ ಕೆಂಪು ಕೋಲನ್ನೂ ಕೊಟ್ಟರು. ಜನಾಂಗವೆಂಬ ವರ್ತುಲದ ನಡುವೆ ಆ ಕೋಲನ್ನು ನೆಡಬೇಕು. ಅದು ಹೂಬಿಡುವ ಮರವಾಗಿ ಎಲ್ಲರಿಗೂ ನೆರಳಾಗಬೇಕು. ಆರನೆಯ ಪಿತಾಮಹನ ಮುಖವನ್ನು ನೋಡಲಾಗಿ, ಅದು ಮುಪ್ಪಿನಲ್ಲಿ ತನ್ನದೇ ಆಗಲಿರುವ ಮುಖವಾಗಿತ್ತು.

ಬಾಲಕನು ಇದನ್ನು ಬಹುಕಾಲ ಯಾರಿಗೂ ಹೇಳಲಿಲ್ಲ. ಹದಿನೇಳರ ಪ್ರಾಯದಲ್ಲಿ ಗುಡುಗಿನ ಸದ್ದು ಕೇಳಿದರೆ ಸಾಕು, ಕರ್ತವ್ಯಲೋಪದ ಭಯವು ಆತನನ್ನು ಪೀಡಿಸತೊಡಗಿತು. ಕಡೆಗೆ ಬ್ಲ್ಯಾಕ್ ರೋಡ್ ಎಂಬ ವೃದ್ಧನಲ್ಲಿ ಅರಿಕೆ ಮಾಡಿಕೊಳ್ಳಲು, ಕಂಡುದನ್ನು ಜನರ ಮುಂದೆ ಆಡಿತೋರಿಸಬೇಕೆಂದು ಆತನು ವಿಧಿಸಿದನು. ಅದರಂತೆ 1881ರಲ್ಲಿ ನಾಲ್ಕು ದಿಕ್ಕುಗಳ ನಾಲ್ಕು ಬಣ್ಣದ ಕುದುರೆಗಳನ್ನು ಕೂಡಿಸಿ ಅಶ್ವನೃತ್ಯವು ನಡೆಯಿತು. ಈ ಧರ್ಮದ ತಿರುಳು ಇಲ್ಲಿದೆ. ದರ್ಶನವು ಒಬ್ಬನಿಗೆ ಉಂಟಾದರೂ ಅದು ಒಬ್ಬನ ಸೊತ್ತಲ್ಲ. ಜನರ ಹಿತಕ್ಕೆ ವಿನಿಯೋಗವಾಗುವ ತನಕ ಅದರಲ್ಲಿ ಶಕ್ತಿಯಿಲ್ಲ.

ಇತ್ತ ಜನಾಂಗದ ವರ್ತುಲವು ಒಡೆಯುತ್ತಿತ್ತು. ಬ್ಲ್ಯಾಕ್ ಹಿಲ್ಸ್ ಎಂಬ ಪವಿತ್ರ ಗಿರಿಪ್ರಾಂತವು ಲಕೋಟಾ ಜನರದೇ ಎಂದು 1868ರ ಕರಾರಿನಲ್ಲಿ ಸರ್ಕಾರವು ಒಪ್ಪಿತ್ತು. 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು. ಕರಾರು ಕಾಗದದಲ್ಲಿ ಉಳಿಯಿತು. 1876ರಲ್ಲಿ ಲಿಟಲ್ ಬಿಗ್‌ಹಾರ್ನ್ ನದಿಯ ದಡದಲ್ಲಿ ಕಸ್ಟರನ ದಂಡು ನಾಶವಾದಾಗ ನಮ್ಮ ಚರಿತ್ರನಾಯಕನು ಹನ್ನೆರಡು ವರ್ಷದವನಾಗಿ ಅಲ್ಲಿಯೇ ಇದ್ದನು. ಮರುವರ್ಷ ಕ್ರೇಜಿ ಹಾರ್ಸನ ವಧೆಯಾಯಿತು. ಗಿರಿಪ್ರಾಂತವು ಕಾಯಿದೆಯ ಮೂಲಕ ಕೈಬಿಟ್ಟಿತು. 1883ರಲ್ಲಿ ಸೂರ್ಯನೃತ್ಯವೂ ಅಪರಾಧವೆನಿಸಿತು. ಬಿಳಿಯರ ಬಾಳಿನಲ್ಲಿ ತನ್ನವರಿಗೆ ಉಪಯೋಗವಾಗುವುದೇನಾದರೂ ಇದೆಯೇ ಎಂದು ಅರಿಯುವ ಇಚ್ಛೆಯಿಂದ ಆತನು 1886ರಲ್ಲಿ ಬಫೆಲೊ ಬಿಲ್ಲನ ಪ್ರದರ್ಶನ ಮಂಡಳಿಯನ್ನು ಸೇರಿ, ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆ ಕುಣಿದು, 1889ರಲ್ಲಿ ಹಿಂದಿರುಗಿದನು. ಮನೆಯಲ್ಲಿ ಹಸಿವೆಯೂ ರೋಗವೂ ಕಾದಿದ್ದವು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬ ಹೊಳೆಯ ಬಳಿ ಸೈನಿಕರು ಇನ್ನೂರಕ್ಕೂ ಮಿಕ್ಕ ಜನರನ್ನು ಕೊಂದರು. ಅವರಲ್ಲಿ ಬಹುಮಂದಿ ಹೆಂಗಸರೂ ಮಕ್ಕಳೂ ಆಗಿದ್ದರು. 146 ಶವಗಳನ್ನು ಒಂದೇ ಕುಣಿಯಲ್ಲಿ ಹೂಳಲಾಯಿತು.

1931ರ ಮೇ ತಿಂಗಳಲ್ಲಿ ಜಾನ್ ನೈಹಾರ್ಟ್ ಎಂಬ ಕವಿಯು ಪೈನ್ ರಿಜ್ ಮೀಸಲು ಪ್ರದೇಶದಲ್ಲಿ ಈ ವೃದ್ಧನ ಬಾಯಿಂದ ಆತನ ಚರಿತ್ರೆಯನ್ನು ಕೇಳಿದನು. ವೃದ್ಧನು ಲಕೋಟಾ ಭಾಷೆಯಲ್ಲಿ ನುಡಿದುದನ್ನು ಮಗನಾದ ಬೆನ್ ಇಂಗ್ಲಿಷಿಗೆ ತಂದನು. ಕವಿಯ ಮಗಳು ಶೀಘ್ರಲಿಪಿಯಲ್ಲಿ ಬರೆದುಕೊಂಡಳು. ಅದನ್ನು ಕವಿಯು ತಿದ್ದಿ ರೂಪಿಸಿದನು. ಹೀಗೆ 1932ರಲ್ಲಿ ಹೊರಬಂದ ಗ್ರಂಥವು ಮುಂದೆ ಲೋಕಪ್ರಸಿದ್ಧವಾಯಿತು. ಹತ್ಯಾಕಾಂಡದೊಡನೆ ಜನಾಂಗದ ಕನಸೂ ಸತ್ತಿತೆಂದು ಮುದುಕನು ಶೋಕಿಸುವ ಅದರ ಕೊನೆಯ ಮಾತುಗಳನ್ನು ಓದಿ ಕಣ್ಣೊರೆಸಿಕೊಂಡವರು ಅಸಂಖ್ಯ. ಆದರೆ ರೇಮಂಡ್ ಡಿಮಾಲಿ ಎಂಬ ವಿದ್ವಾಂಸನು 1984ರಲ್ಲಿ ಮೂಲ ಟಿಪ್ಪಣಿಗಳನ್ನೇ ಪ್ರಕಟಿಸಿದಾಗ, ಆ ಪ್ರಸಿದ್ಧವಾದ ಶೋಕವಾಕ್ಯಗಳು ಅವುಗಳಲ್ಲಿ ಇರಲಿಲ್ಲ. ಅವು ಕವಿಯವು.

ಕವಿಯಲ್ಲಿ ದುರುದ್ದೇಶವಿರಲಿಲ್ಲ, ಆತನು ಸಂತನನ್ನು ಪ್ರೀತಿಸಿದವನು, ಆತನಿಲ್ಲದಿದ್ದರೆ ಆ ದರ್ಶನವು ನಮ್ಮವರೆಗೆ ಬರುತ್ತಿರಲಿಲ್ಲ. ಆದರೂ ಆತನು ಕಥೆಯನ್ನು ನಿಲ್ಲಿಸಿದ ಮೇಲೆ ನಾಯಕನು ಅರುವತ್ತು ವರ್ಷ ಬಾಳಿದನೆಂಬುದನ್ನು ಮರೆಯಬಾರದು. 1904ರಲ್ಲಿ ನಿಕೊಲಸ್ ಎಂಬ ಹೆಸರಿನಿಂದ ಕ್ಯಾಥೊಲಿಕ್ ದೀಕ್ಷೆಯನ್ನು ಪಡೆದು, ಉಪದೇಶಕನಾಗಿ ಬೇರೆ ಬುಡಕಟ್ಟುಗಳ ನಡುವೆಯೂ ಸಂಚರಿಸಿದನು. ಗ್ರಂಥದಲ್ಲಿ ಇದರ ಸುಳಿವಿಲ್ಲ. 1947-48ರ ಚಳಿಗಾಲದಲ್ಲಿ ಜೋಸೆಫ್ ಬ್ರೌನ್ ಎಂಬ ತರುಣನಿಗೆ, ಕುರುಡನಾಗುತ್ತಿದ್ದ ಆತನು ತನ್ನವರ ಏಳು ಪವಿತ್ರ ಕರ್ಮಗಳನ್ನು ವಿವರಿಸಿದನು. ಪ್ರತಾತ್ಮವನ್ನು ಕಾಪಾಡುವುದು, ಉಗಿಯಿಂದ ದೇಹಶುದ್ಧಿ, ಏಕಾಂತದಲ್ಲಿ ದರ್ಶನಕ್ಕಾಗಿ ಮೊರೆಯಿಡುವುದು, ಸೂರ್ಯನೃತ್ಯ, ಪರರನ್ನು ಬಂಧುಗಳಾಗಿ ಸ್ವೀಕರಿಸುವುದು ಮೊದಲಾದವು ಅವು. ಎಲ್ಲದರ ಹಿಂದೆಯೂ ಇರುವ ನುಡಿಯೊಂದೇ: ಮಿತಾಕುಯೆ ಓಯಾಸಿನ್, ಸಮಸ್ತವೂ ನನ್ನ ಬಂಧು. ತನ್ನ ಮಹಾಚೈತನ್ಯದೊಡನೆ ಸಂಬಂಧವನ್ನು ಅರಿತ ಮನಸ್ಸಿನಲ್ಲಿ ಶಾಂತಿಯು ಮೊದಲು ನೆಲಸಬೇಕು. ಜನಾಂಗಗಳ ನಡುವಣ ಶಾಂತಿಯು ಆಮೇಲಿನದು ಎಂಬುದು ಆತನ ಬೋಧೆ.

ಆತನು ನಿಜವಾಗಿ ಕ್ರೈಸ್ತನೋ, ಪೂರ್ವಧರ್ಮದವನೋ ಎಂದು ಪಂಡಿತರು ಇಂದಿಗೂ ವಾದಿಸುತ್ತಿರುವರು. ಜಪಸರವನ್ನೂ ಧೂಮನಳಿಕೆಯನ್ನೂ ಹಿಡಿದ ಕೈ ಒಂದೇ. ಯಾವುದೊಂದನ್ನು ಕಿತ್ತುಹಾಕಿದರೂ ಆತನ ಬಾಳನ್ನು ಮತ್ತೊಮ್ಮೆ ಪರರು ತಿದ್ದಿದಂತೆಯೇ ಆಗುವುದು.

ಬ್ಲ್ಯಾಕ್ ಎಲ್ಕನು 1950ರ ಆಗಸ್ಟ್ 19ರಂದು ದಿವಂಗತನಾದನು. ಮರವು ಒಣಗಲಿಲ್ಲವೆಂಬುದಕ್ಕೆ ಅನಂತರದ ಸಂಗತಿಗಳೇ ಸಾಕ್ಷಿ. 1978ರಲ್ಲಿ ಮೂಲನಿವಾಸಿಗಳ ಧರ್ಮಸ್ವಾತಂತ್ರ್ಯವನ್ನು ಕಾಯಿದೆಯು ಮನ್ನಿಸಿತು. ಇಂದು ಸೂರ್ಯನೃತ್ಯವು ಬಹಿರಂಗವಾಗಿ ನಡೆಯುತ್ತದೆ. 1980ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಿರಿಪ್ರಾಂತಕ್ಕಾಗಿ 10 ಕೋಟಿ ಡಾಲರಿಗೂ ಮಿಕ್ಕ ಪರಿಹಾರವನ್ನು ಎತ್ತಿಹಿಡಿಯಿತು, ಬಡತನದಲ್ಲಿಯೂ ಲಕೋಟಾ ಜನರು ಅದನ್ನು ಮುಟ್ಟಲಿಲ್ಲ, ಭೂಮಿ ಮಾರಾಟಕ್ಕಿಲ್ಲವೆಂದರು. ದರ್ಶನದಲ್ಲಿ ಬಾಲಕನು ನಿಂತು ಲೋಕವನ್ನು ಕಂಡ ಶಿಖರಕ್ಕೆ, ಅವರ ಹೆಂಗಸರು ಮಕ್ಕಳನ್ನು ಕೊಲ್ಲಿಸಿದ ಹಾರ್ನಿ ಎಂಬ ಸೇನಾನಿಯ ಹೆಸರಿತ್ತು. 2016ರಿಂದ ಅದು ಬ್ಲ್ಯಾಕ್ ಎಲ್ಕ್ ಶಿಖರ. 2017ರಲ್ಲಿ ಕ್ಯಾಥೊಲಿಕ್ ಧರ್ಮಪ್ರಾಂತವು ಆತನನ್ನು ಸಂತನೆಂದು ಸಾರುವ ವಿಚಾರಣೆಯನ್ನು ಆರಂಭಿಸಿತು.

ಒಂದು ಜನಾಂಗದ ಕಥೆ ಮುಗಿಯಿತೆಂದು ಹೇಳುವ ಅಧಿಕಾರವು ಆ ಜನಾಂಗಕ್ಕಲ್ಲದೆ ಅನ್ಯರಿಗಿಲ್ಲ. ಲಕೋಟಾ ಜನರು ಆ ಮಾತನ್ನು ಇನ್ನೂ ಹೇಳಿಲ್ಲ.